ಕರೆಂಟಿನದ್ದೋ, ಸೌದೆಯದ್ದೋ, ಮಣ್ಣೋ, ಊರಿಗೋ: ಕರ್ನಾಟಕದಲ್ಲಿ ಅಂತ್ಯಕ್ರಿಯೆಯ ಖರ್ಚು ಮತ್ತು ನಿಯಮಗಳ ಲೆಕ್ಕ

ಮನೆಯಲ್ಲಿ ಒಬ್ಬರು ತೀರಿಕೊಂಡ ಮೊದಲ ಒಂದೆರಡು ಗಂಟೆ ಅಳುವುದಕ್ಕೂ ಪುರುಸೊತ್ತು ಇರುವುದಿಲ್ಲ. ಇಲ್ಲೇ ಮಾಡೋದಾ, ಊರಿಗೆ ತಗೊಂಡು ಹೋಗೋದಾ, ಕರೆಂಟಿನದ್ದಾ, ಸೌದೆಯದ್ದಾ, ಮಗ ಬರೋವರೆಗೆ ಇಡೋದಾ ಅಂತ ನಾಲ್ಕು ಕಡೆಯಿಂದ ಪ್ರಶ್ನೆಗಳು ಬರುತ್ತವೆ. ಉತ್ತರ ಹೇಳಬೇಕಾದವರು ಆ ಹೊತ್ತಿಗೆ ಯೋಚನೆ ಮಾಡುವ ಸ್ಥಿತಿಯಲ್ಲೇ ಇರುವುದಿಲ್ಲ. ಯಾರೋ ಒಂದು ಫೋನ್ ನಂಬರ್ ಕೊಡುತ್ತಾರೆ, ಆ ಕಡೆಯವರು "ಎಲ್ಲಾ ನಾವೇ ನೋಡ್ಕೋತೀವಿ" ಅನ್ನುತ್ತಾರೆ, ನಾವು ಹೂಂ ಅಂದುಬಿಡುತ್ತೇವೆ. ಬಿಲ್ಲಿನ ಕಡೆ ಕಣ್ಣು ಹೋಗುವುದು ಮೂರು ದಿನ ಕಳೆದ ಮೇಲೆ.

ಈ ವಿಷಯವನ್ನು ಅಪಶಕುನ ಅಂತ ದೂರ ಇಡಬೇಡಿ. ಎಲ್ಲರೂ ಚೆನ್ನಾಗಿರುವಾಗಲೇ ಓದಿಟ್ಟುಕೊಂಡರೆ ಆ ದಿನ ಒಬ್ಬರಿಗಾದರೂ ತಲೆ ಓಡುತ್ತದೆ. ಇಲ್ಲಿ ಹೇಳಿರುವುದೆಲ್ಲ ಕರ್ನಾಟಕದ ಮಟ್ಟಿಗೆ.

ಮೊದಲೇ ಒಂದು ಮಾತು. ಸುಡುವುದಕ್ಕಾಗಲಿ ಹೂಳುವುದಕ್ಕಾಗಲಿ ನಮ್ಮಲ್ಲಿ ದೊಡ್ಡ ಮೊತ್ತ ಬೇಕಾಗುವುದಿಲ್ಲ. ಬೆಂಗಳೂರಿನ ಪಾಲಿಕೆಯ ವಿದ್ಯುತ್ ಚಿತಾಗಾರದಲ್ಲಿ 2021ರಲ್ಲಿ ಇದ್ದ ಶುಲ್ಕ 250 ರೂಪಾಯಿ. ಹಾಗಿದ್ದೂ ಒಂದು ಸಾಧಾರಣ ಕುಟುಂಬದ ಕೈಯಿಂದ ಅದರ ಎಷ್ಟೋ ಪಟ್ಟು ಹಣ ಯಾಕೆ ಹೋಗುತ್ತದೆ? ಕಾಯುವುದಕ್ಕೆ ಮತ್ತು ಸಾಗಿಸುವುದಕ್ಕೆ ಹೋಗುತ್ತದೆ. ಫ್ರೀಜರ್ ಬಾಕ್ಸಿನ ದಿನಬಾಡಿಗೆ, ಗಾಡಿಯ ಕಿಲೋಮೀಟರ್ ಲೆಕ್ಕ, ಬಂದವರ ಊಟ, ಕೊನೇ ಗಳಿಗೆಯಲ್ಲಿ ಕೇಳಿದಷ್ಟು ಕೊಟ್ಟು ತಂದ ಸಾಮಾನು. ಯಾವ ದಾರಿ ಆರಿಸಿದರೂ ಈ ಲೆಕ್ಕ ಮನಸ್ಸಿನಲ್ಲಿರಲಿ.

ಯಾವುದನ್ನು ನೋಡಿ ಆರಿಸಬೇಕು

ನಾನು ಐದು ವಿಷಯ ನೋಡುತ್ತೇನೆ. ಕಾಗದ ಸರಿ ಇದೆಯಾ? ಎಷ್ಟು ಹೊತ್ತು ಕಾಯಬೇಕು? ಮನೆತನದ ಪದ್ಧತಿಯಲ್ಲಿ ಯಾವುದನ್ನು ಬಿಡಲಾಗದು, ಯಾವುದನ್ನು ಬಿಡಬಹುದು? ಜಾಗ ಎಲ್ಲಿದೆ, ಅದು ಯಾರದ್ದು? ಕೊನೆಗೆ ದುಡ್ಡು. ದುಡ್ಡನ್ನು ಕೊನೆಗೆ ಇಟ್ಟಿರುವುದು ಅದು ಸಣ್ಣ ವಿಷಯ ಅಂತಲ್ಲ. ಮೊದಲ ನಾಲ್ಕು ತೀರ್ಮಾನವಾದರೆ ಖರ್ಚು ತಾನೇ ತೀರ್ಮಾನವಾಗಿರುತ್ತದೆ.

ಕಾಗದದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಯಾವ ದಾರಿಗೂ ಇದು ತಪ್ಪಿದ್ದಲ್ಲ.

ಆಸ್ಪತ್ರೆಯಲ್ಲಿ ಸಾವಾದರೆ ಸಾವಿನ ಕಾರಣದ ಪ್ರಮಾಣಪತ್ರ, ಅಂದರೆ ನಮೂನೆ 4, ಆಸ್ಪತ್ರೆಯವರೇ ಬರೆಯುತ್ತಾರೆ. ಮರಣ ನೋಂದಣಿಗೆ ಮಾಹಿತಿ ಕಳಿಸುವ ಹೊಣೆಯೂ ಅವರದ್ದೇ. ಮನೆಯಲ್ಲಿ ತೀರಿಕೊಂಡರೆ, ಕಾಯಿಲೆಗೆ ನೋಡುತ್ತಿದ್ದ ವೈದ್ಯರು ಬಂದು ನೋಡಿ ನಮೂನೆ 4ಎ ಕೊಡಬೇಕು. ಇದಿಲ್ಲದೆ ಚಿತಾಗಾರದ ಬಾಗಿಲಲ್ಲಿ ನಿಂತು ಒದ್ದಾಡುವವರು ಬಹಳ ಜನ. ವಯಸ್ಸಾದವರು ಮನೆಯಲ್ಲಿದ್ದರೆ ಹತ್ತಿರದ ಯಾವ ವೈದ್ಯರು ಮನೆಗೆ ಬಂದು ಬರೆದುಕೊಡುತ್ತಾರೆ ಎಂದು ಈಗಲೇ ಕೇಳಿಟ್ಟುಕೊಳ್ಳಿ. ಹಳೇ ಚಿಕಿತ್ಸೆಯ ಫೈಲು ಕೈಗೆ ಸಿಗುವ ಕಡೆ ಇರಲಿ. ಅದನ್ನು ನೋಡದೆ ಯಾವ ವೈದ್ಯರೂ ಸಹಿ ಹಾಕಲು ಹಿಂಜರಿಯುತ್ತಾರೆ, ಅದು ಅವರ ತಪ್ಪೂ ಅಲ್ಲ. ಇದರ ಜೊತೆಗೆ ತೀರಿಕೊಂಡವರ ಆಧಾರ್ ಮತ್ತು ಸಹಿ ಮಾಡುವವರ ಆಧಾರ್ ಪ್ರತಿ ಬೇಕು.

ಅಪಘಾತ, ಆತ್ಮಹತ್ಯೆ, ವಿಷ, ಸುಟ್ಟ ಗಾಯ, ಕರೆಂಟ್ ಶಾಕ್, ಹಾವು ಕಡಿತ, ಬಿದ್ದು ಸತ್ತದ್ದು, ಇಂಥದ್ದೇನಾದರೂ ಇದ್ದರೆ ಪೊಲೀಸರಿಗೆ ತಿಳಿಸದೆ ಮುಂದೆ ಹೋಗಬೇಡಿ. ಅದು ಅಸ್ವಾಭಾವಿಕ ಸಾವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಪ್ರಕಾರ ಪಂಚನಾಮೆ ಆಗಬೇಕು, ಬಹುಪಾಲು ಪೋಸ್ಟ್‌ಮಾರ್ಟಂ ಕೂಡ ಆಗುತ್ತದೆ. "ಹೋದ ಜೀವ ಹೋಯಿತು, ಸುಮ್ನೆ ಕುಯ್ಯಿಸೋದು ಯಾಕೆ" ಅಂತ ಹಳ್ಳಿಗಳಲ್ಲಿ ಹಾವು ಕಡಿದವರನ್ನು ಹಾಗೇ ಮಣ್ಣು ಮಾಡಿಬಿಡುತ್ತಾರೆ. ಆ ನೋವು ಅರ್ಥವಾಗುತ್ತದೆ. ಆದರೆ ಆಮೇಲೆ ವಿಮೆ, ಪರಿಹಾರ ಕೇಳಲು ಹೋದಾಗ ಮೊದಲು ಕೇಳುವುದೇ ಎಫ್‌ಐಆರ್ ಮತ್ತು ಪೋಸ್ಟ್‌ಮಾರ್ಟಂ ವರದಿ. ಅದಿಲ್ಲದೆ ಹೆಂಡತಿ ಮಕ್ಕಳಿಗೆ ಸಿಗಬೇಕಾದ ಹಣ ಸಿಗದೇ ಹೋಗಬಹುದು. ಮದುವೆಯಾಗಿ 7 ವರ್ಷದೊಳಗಿನ ಹೆಣ್ಣುಮಗಳು ಅನುಮಾನಾಸ್ಪದವಾಗಿ ತೀರಿಕೊಂಡರೆ ತಹಶೀಲ್ದಾರರೇ ಬಂದು ಪಂಚನಾಮೆ ಮಾಡುತ್ತಾರೆ, ಅದಕ್ಕೂ ಹೊತ್ತು ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಪೋಸ್ಟ್‌ಮಾರ್ಟಂಗೆ ಹಣ ಕೊಡಬೇಕಾಗಿಲ್ಲ.

ಖಾಸಗಿ ಆಸ್ಪತ್ರೆ ಬಿಲ್ ಬಾಕಿ ಇದೆ ಅಂತ ದೇಹ ಕೊಡದೆ ಇಟ್ಟುಕೊಂಡರೆ? ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ ಅದಕ್ಕೆ ಅವಕಾಶ ಕೊಡುವುದಿಲ್ಲ. ಬಾಕಿಯನ್ನು ಆಮೇಲೆ ವಸೂಲಿ ಮಾಡಬಹುದು, ದೇಹವನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ. ಇದನ್ನು ಜಗಳವಾಡದೆ, ಕಾಯ್ದೆಯ ಹೆಸರು ಹೇಳಿಯೇ ಕೇಳಿ. ಬಗ್ಗದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಫೋನ್ ಮಾಡಿ.

ಇನ್ನು ನೋಂದಣಿ. ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ. ಎಲ್ಲಿ ಸುಟ್ಟರು, ಸ್ವಂತ ಊರು ಯಾವುದು ಎಂಬುದು ಲೆಕ್ಕಕ್ಕಿಲ್ಲ. ಅಮ್ಮ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡು ಹಾಸನದ ತೋಟದಲ್ಲಿ ಅಂತ್ಯಕ್ರಿಯೆ ಆದರೂ ಮರಣ ಪ್ರಮಾಣಪತ್ರ ಬೆಂಗಳೂರಿನದ್ದೇ. ಚಲಿಸುವ ಗಾಡಿಯಲ್ಲಿ ಸಾವಾದರೆ ಗಾಡಿ ಮೊದಲು ನಿಂತ ಊರಿನಲ್ಲಿ. 21 ದಿನದೊಳಗೆ ಮಾಡಿಸಿದರೆ ಶುಲ್ಕವಿಲ್ಲ, 30 ದಿನದವರೆಗೆ ಸಣ್ಣ ತಡ ಶುಲ್ಕ, ಅದು ದಾಟಿದರೆ ಮೇಲಿನ ಅಧಿಕಾರಿಯ ಲಿಖಿತ ಅನುಮತಿ, ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಹಂತದ ಆದೇಶ. ಮನೆಯಲ್ಲಿ ತೀರಿಕೊಂಡವರ ನೋಂದಣಿಗೆ ಸ್ಮಶಾನದ ರಸೀದಿ ಬೇಕಾಗುತ್ತದೆ, ಅದನ್ನು ಜೇಬಿಗೆ ಹಾಕಿಕೊಂಡು ಮರೆಯಬೇಡಿ.

ಹೆಸರಿನ ಕಾಗುಣಿತವನ್ನು ಆ ಹೊತ್ತಿನಲ್ಲೇ ನೋಡಿ. ಆಸ್ಪತ್ರೆಗೆ ಸೇರಿಸುವಾಗ ಗಡಿಬಿಡಿಯಲ್ಲಿ "ಗೌರಮ್ಮ" ಅಂತ ಬರೆಸಿರುತ್ತೀರಿ. ಆಧಾರ್‌ನಲ್ಲಿ "ಗೌರಮ್ಮ ಕೆ. ಎಸ್.", ಪಹಣಿಯಲ್ಲಿ "ಗೌರಮ್ಮ ಕೋಂ ಸಿದ್ದಪ್ಪ" ಅಂತ ಇರುತ್ತದೆ. ಮರಣ ಪ್ರಮಾಣಪತ್ರಕ್ಕೆ ಹೋಗುವುದು ಆಸ್ಪತ್ರೆಯ ಹೆಸರು. ಮುಂದೆ ಪೌತಿ ಖಾತೆ, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವಾಗ, ಬ್ಯಾಂಕಿನ ಹಣ ತೆಗೆಯುವಾಗ "ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ತನ್ನಿ" ಅನ್ನುತ್ತಾರೆ. ದೇಹ ತಗೊಂಡು ಹೊರಡುವ ಮುಂಚೆ ಆ ಕೌಂಟರಿನಲ್ಲಿ ಎರಡು ನಿಮಿಷ ನಿಂತು ಹೆಸರು, ತಂದೆ ಅಥವಾ ಗಂಡನ ಹೆಸರು, ವಿಳಾಸ ಓದಿ ನೋಡಿ. ಈ ಕೆಲಸವನ್ನು ದುಃಖದಲ್ಲಿರುವ ಮಕ್ಕಳಿಗೆ ಬಿಡಬೇಡಿ. ಅಳಿಯನೋ, ಸ್ನೇಹಿತರೋ, ಪಕ್ಕದ ಮನೆಯವರೋ ಮಾಡಲಿ.

ವಿದ್ಯುತ್ ಅಥವಾ ಗ್ಯಾಸ್ ಚಿತಾಗಾರ

ನಗರದಲ್ಲಿದ್ದು ಅಲ್ಲೇ ಮಾಡುವುದು ಎಂದಾದರೆ ಬಹಳಷ್ಟು ಮನೆಗಳಿಗೆ ನಾನು ಮೊದಲು ಹೇಳುವುದು ಇದನ್ನೇ. ಬೆಂಗಳೂರಿನಲ್ಲಿ ವಿಲ್ಸನ್ ಗಾರ್ಡನ್, ಬನಶಂಕರಿ, ಹೆಬ್ಬಾಳ, ಸುಮನಹಳ್ಳಿ, ಮೇಡಿ ಅಗ್ರಹಾರ, ಕೂಡ್ಲು, ಪಣತ್ತೂರು, ಹೀಗೆ ಊರಿನ ಎಲ್ಲ ದಿಕ್ಕಿಗೂ ಒಂದಿದೆ. ಮಂಗಳೂರಿನಲ್ಲಿ ಬೋಳೂರು. ಮೈಸೂರಿನಲ್ಲೂ ಇದೆ. ಬೆಂಗಳೂರು ಈಗ ಐದು ಪಾಲಿಕೆಯಾಗಿದ್ದರೂ ಯಾವ ಚಿತಾಗಾರಕ್ಕೆ ಬೇಕಾದರೂ ಹೋಗಬಹುದು, ನಿಮ್ಮ ವಾರ್ಡಿನದ್ದೇ ಆಗಬೇಕೆಂದಿಲ್ಲ.

ಒಳಗೆ ಇಟ್ಟ ಮೇಲೆ ಸುಮಾರು ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ, ಅಸ್ಥಿ ಅದೇ ದಿನ ಮಡಕೆಯಲ್ಲಿ ಕೈಗೆ ಬರುತ್ತದೆ. ಮಳೆ ಬಂದರೂ ಚಿಂತೆ ಇಲ್ಲ. ಮರುದಿನ ಕೆಲಸಕ್ಕೆ, ದೂರದ ಊರಿಗೆ ಹೊರಡಬೇಕಾದವರಿಗೆ ಇದು ದೊಡ್ಡ ಅನುಕೂಲ. ಪೂಜೆ, ಪ್ರದಕ್ಷಿಣೆ, ಬಾಯಿಗೆ ಅಕ್ಕಿಕಾಳು ಹಾಕುವುದು, ಮಡಕೆ ಒಡೆಯುವುದು ಎಲ್ಲಾ ಹೊರಗಿನ ಕಟ್ಟೆಯ ಮೇಲೆ ಆಗುತ್ತದೆ. ಎದೆಯ ಮೇಲೆ ಕರ್ಪೂರ ಹಚ್ಚಿ ಕೊಳ್ಳಿ ಇಟ್ಟ ಶಾಸ್ತ್ರ ಮಾಡಿ ಒಳಗೆ ಕಳಿಸುತ್ತಾರೆ. ಬಿಟ್ಟುಹೋಗುವುದು ಒಂದೇ: ಚಿತೆ ಉರಿಯುವುದನ್ನು ನಿಂತು ನೋಡುವುದು. ಕೆಲವು ಹಿರಿಯರಿಗೆ ಆ ಕಬ್ಬಿಣದ ಬಾಗಿಲು ಮುಚ್ಚುವ ಸದ್ದು ತಡೆದುಕೊಳ್ಳಲು ಆಗುವುದಿಲ್ಲ. ಅದನ್ನು ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ. ಆ ಹಿರಿಯರನ್ನು ಹೊರಗೆ ಮರದ ಕೆಳಗೆ ಕೂರಿಸಿ, ಜೊತೆಗೊಬ್ಬರು ಇರಿ.

ಹೊರಡುವ ಮುಂಚೆ ಫೋನ್ ಮಾಡಿ ಮೂರು ವಿಷಯ ಕೇಳಿ. ಒಲೆ ಕೆಲಸ ಮಾಡುತ್ತಿದೆಯಾ, ರಿಪೇರಿಯಲ್ಲಿದೆಯಾ? ನಮಗಿಂತ ಮುಂಚೆ ಎಷ್ಟು ಜನ ಇದ್ದಾರೆ? ಸಂಜೆ ಎಷ್ಟು ಗಂಟೆಯವರೆಗೆ ತಗೊಳ್ಳುತ್ತೀರಿ? ಪೋಸ್ಟ್‌ಮಾರ್ಟಂ ಆಗಿ ಬರುವವರಿಗೆ ಮೂರನೇ ಪ್ರಶ್ನೆ ಬಹಳ ಮುಖ್ಯ, ಯಾಕೆಂದರೆ ಆಸ್ಪತ್ರೆಯಿಂದ ಹೊರಡುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ, ಅಲ್ಲಿಂದ ವಾಪಸ್ ಬಂದರೆ ಇನ್ನೊಂದು ರಾತ್ರಿ ಫ್ರೀಜರ್ ಬಾಡಿಗೆ.

ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಅದನ್ನು ತೆಗೆಸಿಯೇ ತರಬೇಕು. ಬಿಸಿಗೆ ಅದರ ಬ್ಯಾಟರಿ ಸಿಡಿಯುತ್ತದೆ, ಒಲೆ ಹಾಳಾಗುತ್ತದೆ, ಅಲ್ಲಿ ಕೆಲಸ ಮಾಡುವವರಿಗೂ ಅಪಾಯ. ಆಸ್ಪತ್ರೆಯಲ್ಲೇ ಹೇಳಿ ತೆಗೆಸಿಕೊಳ್ಳಿ. ಸೌದೆಯಲ್ಲಿ ಸುಡುವುದಾದರೂ ಇದೇ ಮಾತು.

ಸೌದೆ ಚಿತೆ

ಒಂದು ಚಿತೆಗೆ ಸುಮಾರು 300ರಿಂದ 500 ಕಿಲೋ ಸೌದೆ ಬೇಕು. ಕಿಲೋಗೆ 10 ರೂಪಾಯಿ ಎಂದು ಲೆಕ್ಕ ಹಾಕಿದರೂ 3,000ದಿಂದ 5,000 ರೂಪಾಯಿ ಬರೀ ಸೌದೆಗೆ. ಅದರ ಮೇಲೆ ಬೆರಣಿ, ತುಪ್ಪ, ಕರ್ಪೂರ, ಚಿತೆ ಜೋಡಿಸುವವರ ಕೂಲಿ. ಮಳೆಗಾಲದಲ್ಲಿ ಸೌದೆ ಹಸಿ ಇದ್ದರೆ ಇನ್ನೂ ಜಾಸ್ತಿ ಬೇಕಾಗುತ್ತದೆ. ಹಾಗಾಗಿ ಸೌದೆಯನ್ನು ತೂಕ ಹಾಕಿಸಿ ತಗೊಳ್ಳಿ, "ಒಂದು ಚಿತೆಗೆ ಇಷ್ಟು" ಅಂತ ಒಟ್ಟಾರೆ ಹೇಳಿದರೆ ಎಷ್ಟು ಕಿಲೋ ಅಂತ ಕೇಳಿ, ಒಣಗಿದೆಯಾ ಅಂತ ಕೈಯಲ್ಲೇ ಮುಟ್ಟಿ ನೋಡಿ.

ಪೂರ್ತಿ ಉರಿಯಲು ನಾಲ್ಕಾರು ಗಂಟೆ ಬೇಕು, ಅಸ್ಥಿ ಆಯಲು ಮರುದಿನವೋ ಮೂರನೇ ದಿನವೋ ಮತ್ತೆ ಬರಬೇಕು. ಮನೆಯ ಪದ್ಧತಿಯಲ್ಲಿ ಮೂರನೇ ದಿನ ಹಾಲುತುಪ್ಪ, ಅಸ್ಥಿ ಸಂಚಯನ ಇದ್ದೇ ಇದೆ ಅಂದರೆ ಇದೇನು ಹೆಚ್ಚಿನ ಓಡಾಟವಲ್ಲ. ಮನೆಯವರು ಅಲ್ಲೇ ಊರಿನಲ್ಲಿ ಇರುವವರಾದರೆ, ಕೊಳ್ಳಿ ಇಡುವುದು ಮನಸ್ಸಿಗೆ ಮುಖ್ಯವಾದರೆ, ಇದನ್ನು ಆರಿಸಿ. ಬೆಂಗಳೂರಿನ ಹರಿಶ್ಚಂದ್ರ ಘಾಟ್, ಮಂಗಳೂರಿನ ನಂದಿಗುಡ್ಡೆಯಂಥ ಹಳೇ ಸ್ಮಶಾನಗಳಲ್ಲಿ ಈ ಕೆಲಸ ತಲೆಮಾರಿನಿಂದ ಬಲ್ಲವರಿದ್ದಾರೆ. ಅವರು ಚಿತೆ ಜೋಡಿಸುವ ರೀತಿಯಲ್ಲೇ ಕೆಲಸ ಅರ್ಧ ಗೆದ್ದಿರುತ್ತದೆ. ಬುಡಕ್ಕೆ ದಪ್ಪ ದಿಮ್ಮಿ ಹಾಕಿ, ನಡುವೆ ಗಾಳಿ ಆಡಲು ಸಂದು ಬಿಟ್ಟು, ತೆಳು ಸೌದೆಯನ್ನು ಪಕ್ಕಕ್ಕೆ ಇಡುತ್ತಾರೆ. ಗಾಳಿಗೆ ದಾರಿ ಇದ್ದರೆ ಸೌದೆ ಕಡಿಮೆ ಸಾಕು. ಆ ಕೆಲಸದವರಿಗೆ ಗೌರವದಿಂದ ಮಾತಾಡಿ, ಕೂಲಿಯನ್ನು ಮುಂಚೆಯೇ ಮಾತಾಡಿಕೊಂಡು ಚೌಕಾಸಿ ಇಲ್ಲದೆ ಕೊಡಿ.

ಮಣ್ಣು ಮಾಡುವುದು

ಲಿಂಗಾಯತರು, ಮುಸ್ಲಿಮರು, ಕ್ರೈಸ್ತರು, ಅನೇಕ ದಲಿತ ಸಮುದಾಯಗಳು, ಹಳೇ ಮೈಸೂರಿನ ಕಡೆ ಬಹಳಷ್ಟು ರೈತ ಮನೆತನಗಳು, ಇವರೆಲ್ಲ ಮಣ್ಣು ಮಾಡುವವರು. ಇಲ್ಲಿ ಖರ್ಚು ಮುಖ್ಯವಾಗಿ ಗುಂಡಿ ತೋಡುವ ಕೂಲಿ. ಕಷ್ಟ ಇರುವುದು ಜಾಗದ್ದು.

ಕ್ರೈಸ್ತರಾದರೆ ಯಾವ ಚರ್ಚಿನ ಸದಸ್ಯತ್ವ ಇದೆ, ಚಂದಾ ಬಾಕಿ ಇದೆಯಾ, ಕುಟುಂಬದ ಹಳೇ ಸಮಾಧಿಯನ್ನು ಮತ್ತೆ ತೆರೆಯಬಹುದಾ ಎಂಬುದರ ಮೇಲೆ ಖರ್ಚು ನಿಲ್ಲುತ್ತದೆ. ಮುಸ್ಲಿಮರಿಗೆ ಮಸೀದಿ ಕಮಿಟಿಯೇ ಖಬರಸ್ಥಾನದ ವ್ಯವಸ್ಥೆ ಮಾಡುತ್ತದೆ. ಅದೇ ದಿನ ದಫನ್ ಮಾಡುವ ಪದ್ಧತಿ ಇರುವುದರಿಂದ ಕಾಯುವ ಖರ್ಚೇ ಇರುವುದಿಲ್ಲ. ಎಲ್ಲ ಪದ್ಧತಿಗಳಲ್ಲೂ ಅತಿ ಕಡಿಮೆ ಖರ್ಚಿನಲ್ಲಿ ಮುಗಿಯುವುದು ಇದೇ ಇರಬೇಕು ಅನ್ನಿಸುತ್ತದೆ. ಲಿಂಗಾಯತರಲ್ಲಿ ಕೂರಿಸಿ ಸಮಾಧಿ ಮಾಡುವುದರಿಂದ ಗುಂಡಿಯ ಅಳತೆಯೇ ಬೇರೆ, ದೇಹ ಸೆಟೆದುಕೊಳ್ಳುವ ಮುಂಚೆ ಕೂರಿಸಬೇಕು. ಆಸ್ಪತ್ರೆಯಿಂದ ತರುವುದಾದರೆ ಈ ವಿಷಯವನ್ನು ಸ್ವಾಮಿಗಳಿಗೆ ಮೊದಲೇ ಹೇಳಿ.

ಸಮಾಧಿಯ ಮೇಲೆ ಕಟ್ಟಡ ಕಟ್ಟುವ ಆಸೆ ಎಲ್ಲರಿಗೂ ಇರುತ್ತದೆ. ಸಾರ್ವಜನಿಕ ಸ್ಮಶಾನದಲ್ಲಿ ಕಲ್ಲು, ಗ್ರಾನೈಟ್ ಹಾಕಿಸುವ ಮುಂಚೆ ಅನುಮತಿ ಕೇಳಿ. ಜಾಗ ಇಲ್ಲದ ನಗರದಲ್ಲಿ ಶಾಶ್ವತ ಗೋರಿ ಕಟ್ಟಿದರೆ ಮುಂದೆ ಬರುವ ಬಡವರಿಗೆ ಆರಡಿ ಜಾಗ ಸಿಗುವುದಿಲ್ಲ. ಒಂದು ಗಿಡ ನೆಟ್ಟರೂ ಗುರುತು ಉಳಿಯುತ್ತದೆ ಅಲ್ವಾ?

ಊರಿಗೆ ಸ್ಮಶಾನವೇ ಇಲ್ಲದಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಡಿ. ಪ್ರತಿ ಹಳ್ಳಿಗೂ ಸ್ಮಶಾನದ ಜಾಗ ಒದಗಿಸಬೇಕೆಂದು ಕರ್ನಾಟಕ ಹೈಕೋರ್ಟ್ 2019ರಲ್ಲೇ ಹೇಳಿದೆ. ಸ್ಮಶಾನ ಇದ್ದೂ ಜಾತಿಯ ಕಾರಣಕ್ಕೆ ದಲಿತರನ್ನು ತಡೆದರೆ ಅದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ, ಅಲ್ಲಿ ರಾಜಿ ಪಂಚಾಯಿತಿಗೆ ಕೂರಬೇಕಾಗಿಲ್ಲ. ದೇಹ ಮುಂದಿಟ್ಟುಕೊಂಡು ಯಾರೂ ಜಾಗಕ್ಕಾಗಿ ಬೇಡುವ ಪರಿಸ್ಥಿತಿ ಬರಬಾರದು.

ಊರಿಗೆ ಒಯ್ಯುವುದು, ಸ್ವಂತ ಜಮೀನಿನಲ್ಲಿ ಮಾಡುವುದು

ಮಲೆನಾಡಿನಲ್ಲಿ, ಕರಾವಳಿಯಲ್ಲಿ ತೋಟದ ಮೂಲೆಯಲ್ಲಿ ಮಾವಿನ ಮರ ಕಡಿದು ಸುಡುವುದು ಹಳೇ ರೂಢಿ. ಬಯಲುಸೀಮೆಯಲ್ಲಿ ಹೊಲದ ಬದಿಗೆ ಹಿರಿಯರ ಸಾಲಿನಲ್ಲೇ ಮಣ್ಣು ಮಾಡುತ್ತಾರೆ. ಹಳ್ಳಿಗಳಲ್ಲಿ ಇದು ನಡೆದುಕೊಂಡು ಬಂದಿದೆ. ನಗರಪಾಲಿಕೆ ಮಿತಿಯೊಳಗೆ ಮಾತ್ರ ಹಾಗಲ್ಲ, ಅಲ್ಲಿ ನಿಗದಿಯಾದ ಸ್ಮಶಾನದಲ್ಲೇ ಆಗಬೇಕು. 2021ರ ಏಪ್ರಿಲ್‌ನಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತಿಗೆ ಸರ್ಕಾರ ಸ್ವಂತ ಜಮೀನು, ತೋಟಗಳಲ್ಲಿ ಅಂತ್ಯಕ್ರಿಯೆಗೆ ಅವಕಾಶ ಕೊಟ್ಟಿದ್ದನ್ನು ನೆನಪಿಟ್ಟುಕೊಂಡು ಈಗಲೂ ಸೈಟಿನಲ್ಲಿ ಮಾಡಬಹುದು ಅಂದುಕೊಂಡವರಿದ್ದಾರೆ. ಅದು ಆ ಹೊತ್ತಿನ ತುರ್ತಿಗೆ ಮಾಡಿದ್ದು. ಹಳ್ಳಿಯಲ್ಲೂ ಬಾವಿ, ಕೆರೆ, ಪಕ್ಕದವರ ಮನೆಗೆ ದೂರ ಇರುವ ಜಾಗ ಆರಿಸಿ, ಪಂಚಾಯಿತಿಗೆ ತಿಳಿಸಿ.

ಇಲ್ಲಿ ಎರಡು ವಿಷಯ ತೂಗಿ ನೋಡಬೇಕು. ಮೊದಲನೆಯದು ಗಾಡಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 400 ಕಿಲೋಮೀಟರ್. ಖಾಸಗಿ ಆಂಬುಲೆನ್ಸಿನವರು ಖಾಲಿ ಬರುವುದನ್ನೂ ಸೇರಿಸಿ 800ಕ್ಕೆ ಲೆಕ್ಕ ಹಾಕುತ್ತಾರೆ. ಕಿಲೋಮೀಟರಿಗೆ 20 ರೂಪಾಯಿ ಎಂದರೂ 16,000 ಆಯಿತು. ಅದರ ಮೇಲೆ ಟೋಲ್, ಚಾಲಕರ ಭತ್ಯೆ, ಫ್ರೀಜರ್ ಇರುವ ಗಾಡಿಯಾದರೆ ಇನ್ನೂ ಹೆಚ್ಚು. 108 ಆಂಬುಲೆನ್ಸ್ ಇರುವುದು ಜೀವ ಉಳಿಸುವುದಕ್ಕೆ, ಅದನ್ನು ಇದಕ್ಕೆ ಕೇಳಬೇಡಿ. ಗಾಡಿ ಮಾತಾಡುವಾಗ ಒಟ್ಟು ಎಷ್ಟು, ಟೋಲ್ ಸೇರಿದೆಯಾ, ಮನೆಯಿಂದ ಸ್ಮಶಾನಕ್ಕೂ ಇದೇ ಗಾಡಿ ಬರುತ್ತದಾ, ಕಾಯುವ ಹೊತ್ತಿಗೆ ಬೇರೆ ದುಡ್ಡಾ, ಎಲ್ಲವನ್ನೂ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ವೈದ್ಯರ ಪ್ರಮಾಣಪತ್ರದ ಪ್ರತಿ ಗಾಡಿಯಲ್ಲಿರಲಿ, ದಾರಿಯಲ್ಲಿ ಪೊಲೀಸರು ಕೇಳಬಹುದು. ವಿಮಾನದಲ್ಲಿ ಕಳಿಸುವುದಾದರೆ ದೇಹಕ್ಕೆ ಎಂಬಾಮಿಂಗ್ (ಕೆಡದಂತೆ ಔಷಧಿ ಹಾಕುವುದು) ಮಾಡಿಸಿದ ಪ್ರಮಾಣಪತ್ರ, ಪೊಲೀಸರ ನಿರಾಕ್ಷೇಪಣಾ ಪತ್ರ, ಭದ್ರವಾದ ಪೆಟ್ಟಿಗೆ ಎಲ್ಲಾ ಬೇಕು.

ಎರಡನೆಯದನ್ನು ಯಾರೂ ಆ ದಿನ ಮಾತಾಡುವುದಿಲ್ಲ. ಜಮೀನಿನಲ್ಲಿ ಸಮಾಧಿ ಮಾಡಿದರೆ, ನಾಳೆ ಅಣ್ಣತಮ್ಮಂದಿರು ಪಾಲಾದಾಗ ಆ ಸಮಾಧಿ ಯಾರ ಪಾಲಿಗೆ? ಮಾರಿದರೆ ಅಪ್ಪನ ಸಮಾಧಿಗೆ ದೀಪ ಇಡಲು ಹೊಸ ಮಾಲೀಕರ ಅಪ್ಪಣೆ ಬೇಕಲ್ವಾ? ಜಮೀನು ಉಳಿಸಿಕೊಳ್ಳುವುದು ಖಚಿತ ಎಂದಾದರೆ ಮಾತ್ರ ಅಲ್ಲಿ ಸಮಾಧಿ ಮಾಡಿ. ಇಲ್ಲದಿದ್ದರೆ ಸುಟ್ಟು ಅಸ್ಥಿ ಬಿಡುವುದೇ ನೆಮ್ಮದಿ. ಇನ್ನೊಂದು ನಡುದಾರಿ ಇದೆ: ನಗರದಲ್ಲೇ ಚಿತಾಗಾರದಲ್ಲಿ ಮುಗಿಸಿ, ಅಸ್ಥಿಯನ್ನು ಊರಿಗೆ ಒಯ್ದು ಅಲ್ಲಿ ಉಳಿದ ಕಾರ್ಯ ಮಾಡುವುದು. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೋ ಗೋಕರ್ಣಕ್ಕೋ ಹೇಗೂ ಹೋಗುವವರಿಗೆ ಇದು ಬಹಳ ಹೊಂದುತ್ತದೆ. ಬಸ್ಸಿನಲ್ಲೇ ಹೋಗಬಹುದು. ಅಸ್ಥಿ ಮಾತ್ರ ನೀರಿಗೆ ಬಿಡಿ, ಬಟ್ಟೆ, ಪ್ಲಾಸ್ಟಿಕ್, ಫೋಟೋ ಬಿಡಬೇಡಿ.

ದೇಹದಾನ

ಖರ್ಚು ಅತಿ ಕಡಿಮೆ. ಆದರೆ ಖರ್ಚು ಉಳಿಸಲೆಂದು ಇದನ್ನು ಆರಿಸಬಾರದು, ಆ ವ್ಯಕ್ತಿಗೆ ಬೇಕಿತ್ತು ಎಂದರೆ ಆರಿಸಿ. ರಾಜ್ಯದಲ್ಲಿ ಇದಕ್ಕೆ 1957ರ ಅಂಗರಚನಾ ಕಾಯ್ದೆ ಇದೆ. ವೈದ್ಯಕೀಯ ಕಾಲೇಜಿನ ಅನಾಟಮಿ ವಿಭಾಗದಲ್ಲಿ ಮೊದಲೇ ಅರ್ಜಿ ತುಂಬಿಸಿಡಬಹುದು. ತುಂಬಿಸಿದ್ದರೂ ಆ ದಿನ ಮನೆಯವರು ಒಪ್ಪಿದರೆ ಮಾತ್ರ ಕೆಲಸ ಆಗುತ್ತದೆ, ಹಾಗಾಗಿ ಮನೆಯವರಿಗೆಲ್ಲ ಬಾಯಿಬಿಟ್ಟು ಹೇಳಿರಬೇಕು. ಪೋಸ್ಟ್‌ಮಾರ್ಟಂ ಆದ ದೇಹ, ಕೆಲವು ಸೋಂಕು ಇದ್ದ ದೇಹವನ್ನು ಕಾಲೇಜು ತಗೊಳ್ಳುವುದಿಲ್ಲ. ಹಾಗಾಗಿ ಎರಡನೇ ದಾರಿ ಯೋಚಿಸಿಟ್ಟಿರಿ. ಅಸ್ಥಿ ಸಿಗುವುದಿಲ್ಲ ಎಂಬುದನ್ನು ಅಮ್ಮನೋ ಅಜ್ಜಿಯೋ ಒಪ್ಪುತ್ತಾರಾ ಕೇಳಿ.

ಕಣ್ಣು ದಾನಕ್ಕೆ ಇಷ್ಟೆಲ್ಲ ಅಡ್ಡಿ ಇಲ್ಲ, ಆದರೆ ಮನೆಯವರ ಒಪ್ಪಿಗೆ ಬೇಕು, ಕೆಲವು ಸೋಂಕು ಇದ್ದವರ ಕಣ್ಣನ್ನು ತಗೊಳ್ಳುವುದಿಲ್ಲ. ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಹಾಗಾಗಿ ಕಣ್ಣಿನ ಬ್ಯಾಂಕಿನವರಿಗೆ ಕೂಡಲೇ ತಿಳಿಸಿ, ಮನೆಗೇ ಬರುತ್ತಾರೆ. ಅವರು ಬರುವವರೆಗೆ ಕಣ್ಣು ಮುಚ್ಚಿಸಿ ಮೇಲೆ ಒದ್ದೆ ಹತ್ತಿ ಇಡಿ, ಫ್ಯಾನ್ ಆರಿಸಿ. ಆಮೇಲೆ ಸುಡಬಹುದು, ಹೂಳಬಹುದು. ಡಾ. ರಾಜ್‌ಕುಮಾರ್ ಮತ್ತು ಪುನೀತ್ ಇಬ್ಬರ ಕಣ್ಣೂ ದಾನವಾಗಿ, ಇಬ್ಬರನ್ನೂ ಕಂಠೀರವ ಸ್ಟುಡಿಯೋದಲ್ಲಿ ಮಣ್ಣು ಮಾಡಿದ್ದು ನಿಮಗೆ ನೆನಪಿರಬೇಕು.

ಪ್ಯಾಕೇಜ್ ತಗೊಳ್ಳಬೇಕಾ

ಗಾಡಿ, ಬಾಕ್ಸು, ಹೂವು, ಚಟ್ಟ, ಪುರೋಹಿತರು, ಸ್ಮಶಾನದ ಓಡಾಟ ಎಲ್ಲವನ್ನೂ ಒಬ್ಬರೇ ಮಾಡಿಕೊಡುವ ಸಂಸ್ಥೆಗಳು ನಗರಗಳಲ್ಲಿವೆ. ಮಕ್ಕಳು ಹೊರದೇಶದಲ್ಲಿದ್ದು ಇಲ್ಲಿ ವಯಸ್ಸಾದ ಒಬ್ಬರೇ ಇದ್ದಾರೆ ಎಂದಾಗ ಅದು ನಿಜವಾಗಿ ಉಪಕಾರ. ಓಡಾಡಲು ಇಬ್ಬರು ಗಟ್ಟಿ ಆಳು ಇರುವ ಮನೆಗೆ ಅದು ಬೇಕಾಗುವುದಿಲ್ಲ. ಪಾಲಿಕೆಯ ಶವವಾಹನ, ಪಾಲಿಕೆಯ ಚಿತಾಗಾರ, ಬಡಾವಣೆಯ ಪುರೋಹಿತರು ಸಾಕು. ಪ್ಯಾಕೇಜ್ ತಗೊಂಡರೆ ಯಾವುದಕ್ಕೆ ಎಷ್ಟು ಅಂತ ಬಿಡಿಬಿಡಿಯಾಗಿ ಬರೆಸಿ. ಅಂತ್ಯಕ್ರಿಯೆ, ಶವಾಗಾರ ಮತ್ತು ಶವ ಸಾಗಿಸುವ ಸೇವೆಗೆ ಜಿಎಸ್‌ಟಿ ಇಲ್ಲ, ಕಾಯ್ದೆಯ ಮೂರನೇ ಅನುಸೂಚಿಯಲ್ಲೇ ಅದನ್ನು ಹೊರಗಿಟ್ಟಿದ್ದಾರೆ. ಬಿಲ್ಲಿನಲ್ಲಿ ಅದಕ್ಕೆ ತೆರಿಗೆ ಸೇರಿಸಿದ್ದರೆ ತೆಗೆಸಿ.

ಕಾಯುವ ವಿಷಯದಲ್ಲಿ ಇನ್ನೊಂದು ಮಾತು. ಮಗ ಅಮೆರಿಕದಿಂದ ಬರುವವರೆಗೆ ಮೂರು ದಿನ ಇಡುತ್ತಾರೆ. ಮಗಳು ಪಕ್ಕದಲ್ಲೇ ನಿಂತಿರುತ್ತಾಳೆ. ಮಗಳು ಕೊಳ್ಳಿ ಇಡಬಾರದು, ಹೆಣ್ಣುಮಕ್ಕಳು ಸ್ಮಶಾನಕ್ಕೆ ಬರಬಾರದು ಎಂಬ ಕಾನೂನು ಎಲ್ಲೂ ಇಲ್ಲ. ಮಗ ಕೊನೇ ಸಲ ಮುಖ ನೋಡಬೇಕು ಎಂದರೆ ಖಂಡಿತ ಕಾಯಿರಿ, ಆ ಖರ್ಚು ಖರ್ಚಲ್ಲ. ಶಾಸ್ತ್ರ ಮಾಡಲು ಗಂಡುಮಗನೇ ಬೇಕು ಎಂಬ ಒಂದೇ ಕಾರಣಕ್ಕೆ ಕಾಯುತ್ತಿದ್ದರೆ ಮನೆಯವರು ಕೂತು ಇನ್ನೊಮ್ಮೆ ಮಾತಾಡಿ.

ಬರಬೇಕಾದ ದುಡ್ಡು

ಬಿಪಿಎಲ್ ಕುಟುಂಬಕ್ಕೆ ಅಂತ್ಯಸಂಸ್ಕಾರ ಸಹಾಯನಿಧಿಯಿಂದ 5,000 ರೂಪಾಯಿ ಕೊಡುವ ಯೋಜನೆ ಇತ್ತು, ಈಗಲೂ ಸಿಗುತ್ತದಾ ಕೇಳಿ ನೋಡಿ. ಬಿಪಿಎಲ್ ಕುಟುಂಬದಲ್ಲಿ ದುಡಿಯುವವರೇ ಹೋಗಿದ್ದು ಅವರಿಗೆ 60 ತುಂಬಿರದಿದ್ದರೆ ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆಯಲ್ಲಿ 20,000. ಎರಡಕ್ಕೂ ನಾಡಕಚೇರಿಯಲ್ಲಿ ವಿಚಾರಿಸಿ. ಇಎಸ್‌ಐ ಕಾರ್ಡ್ ಇದ್ದ ಕಾರ್ಮಿಕರ ಅಂತ್ಯಕ್ರಿಯೆ ಖರ್ಚಿಗೆ 15,000ದವರೆಗೆ ಸಿಗುತ್ತದೆ, ಮೂರು ತಿಂಗಳೊಳಗೆ ಕೇಳಬೇಕು. ಕಟ್ಟಡ ಕಾರ್ಮಿಕರ ಮಂಡಳಿಯ ಗುರುತಿನ ಚೀಟಿ ಇದ್ದರೆ ಅಲ್ಲೂ ಸಹಾಯಧನ ಇದೆ. ತೀರಿಕೊಂಡವರ ಪಾಸ್‌ಬುಕ್ ತೆಗೆದು ಮೇ ತಿಂಗಳ ಕೊನೆಯಲ್ಲಿ 436 ರೂಪಾಯಿ ಅಥವಾ 20 ರೂಪಾಯಿ ಕಟ್ ಆಗಿದೆಯಾ ನೋಡಿ. 436 ಆಗಿದ್ದರೆ ಜೀವನ ಜ್ಯೋತಿ ವಿಮೆ, 20 ಆಗಿದ್ದರೆ ಸುರಕ್ಷಾ ಅಪಘಾತ ವಿಮೆ. ಎರಡರಲ್ಲೂ 2 ಲಕ್ಷ. ಎಷ್ಟೋ ಮನೆಗಳಲ್ಲಿ ಇದು ಇದ್ದದ್ದೇ ಗೊತ್ತಿರುವುದಿಲ್ಲ.

ಯಾರಿಗೆ ಯಾವುದು

ನಗರದಲ್ಲಿ ಬಾಡಿಗೆ ಮನೆ, ಕೈಯಲ್ಲಿ ಹಣ ಕಡಿಮೆ, ಊರಿನಲ್ಲಿ ಜಮೀನೂ ಇಲ್ಲ ಎಂದರೆ ಪಾಲಿಕೆಯ ಗಾಡಿ, ವಿದ್ಯುತ್ ಚಿತಾಗಾರ, ಅದೇ ದಿನ. ಬಾಡಿಗೆ ಮನೆಯ ಮಾಲೀಕರು ದೇಹ ಒಳಗೆ ತರಬೇಡಿ ಅನ್ನುವುದು ಇದ್ದೇ ಇದೆ. ಹಾಗಾದರೆ ಆಸ್ಪತ್ರೆಯ ಶವಾಗಾರದಿಂದ ನೇರ ಚಿತಾಗಾರಕ್ಕೆ ಹೋಗಿ, ನೋಡುವವರು ಅಲ್ಲಿಗೇ ಬರಲಿ.

ಊರಿನಲ್ಲಿ ಮನೆ, ಬಂಧುಬಳಗ ಎಲ್ಲ ಇದ್ದು, ಕಾರ್ಯವೂ ಅಲ್ಲೇ ಆಗಬೇಕು ಎಂದರೆ ಗಾಡಿಗೆ ದುಡ್ಡು ಹೋದರೂ ಒಯ್ಯಿರಿ, ಯಾಕೆಂದರೆ ಇಲ್ಲಿ ಮಾಡಿದರೆ ಊರಿನವರನ್ನೆಲ್ಲ ಇಲ್ಲಿಗೆ ಕರೆಸುವ ಖರ್ಚು ಅದಕ್ಕಿಂತ ಜಾಸ್ತಿ ಆಗುತ್ತದೆ. ದೂರ 300 ಕಿಲೋಮೀಟರ್ ದಾಟಿದರೆ, ಪೋಸ್ಟ್‌ಮಾರ್ಟಂ ಕೂಡ ಆಗಿದ್ದರೆ, ಅಸ್ಥಿಯನ್ನಷ್ಟೇ ಒಯ್ಯುವ ನಡುದಾರಿಯನ್ನು ಗಂಭೀರವಾಗಿ ನೋಡಿ. ಮಣ್ಣು ಮಾಡುವ ಪದ್ಧತಿಯವರು ನಗರಕ್ಕೆ ಹೊಸದಾಗಿ ಬಂದಿದ್ದರೆ ಈ ವಾರವೇ ಹತ್ತಿರದ ಸ್ಮಶಾನ, ಚರ್ಚು ಅಥವಾ ಮಸೀದಿಗೆ ಹೋಗಿ ಜಾಗ ಸಿಗುತ್ತದಾ ಕೇಳಿ.

ತಿಥಿ, ವೈಕುಂಠ ಸಮಾರಾಧನೆ, ಬೊಜ್ಜದ ಊಟಕ್ಕೆ ಸಾಲ ಮಾಡುವ ಮುಂಚೆ 21 ದಿನದೊಳಗೆ ಮರಣ ಪ್ರಮಾಣಪತ್ರ ಮಾಡಿಸಿ. ಊಟದ ಎಲೆ ಎಷ್ಟು ಎಂಬುದನ್ನು ಅದು ಕೈಗೆ ಬಂದ ಮೇಲೆ ತೀರ್ಮಾನಿಸಿದರೂ ಆಗುತ್ತದೆ.